ಚಿಂಗಿಯ ಮೂಗಿನ ಮೇಲಿನ ಕಲೆ

ಮದುಮಗಳ ಫೋಟೋ ಯಾರು ಬೇಕಾದರೂ ತೆಗೆಯಬಹುದು. ಆಕೆ ಹೇಳಿದಲ್ಲಿ ಕೂರುತ್ತಾಳೆ, ಹೇಳಿದಷ್ಟು ನಗುತ್ತಾಳೆ, ಕತ್ತು ಎಡಕ್ಕೆ ಅಂದರೆ ಎಡಕ್ಕೆ ತಿರುಗಿಸುತ್ತಾಳೆ. ಒಂದು ಬೆಕ್ಕನ್ನು ಹಾಗೆ ಕೂರಿಸಿ ತೋರಿಸಿ, ಆಮೇಲೆ ನಿಮ್ಮನ್ನು ಫೋಟೋಗ್ರಾಫರ್ ಅನ್ನುತ್ತೇನೆ. ಹೊಸ ಕ್ಯಾಮೆರಾ ಕೊಂಡು ನನ್ನ ಮನೆ ಬಾಗಿಲಿಗೆ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವ ಮೊದಲ ಮಾತು ಇದು. ಅವರು ಮುಸಿ ಮುಸಿ ನಗುತ್ತಾರೆ. ಮುದುಕಿಗೆ ಅರಳುಮರಳು ಅಂದುಕೊಳ್ಳುತ್ತಾರೋ ಏನೋ, ಅಂದುಕೊಳ್ಳಲಿ. ಮೂವತ್ತು ವರ್ಷಕ್ಕೂ ಮಿಕ್ಕಿ ಈ ಕೆಲಸ ಮಾಡಿ, ಮೊಣಕಾಲು ಸೋತ ಮೇಲೆ ಮುದ್ದೇಬಿಹಾಳದ ನನ್ನ ಸ್ಟುಡಿಯೋಕ್ಕೆ ಬೀಗ ಹಾಕಿದವಳು ನಾನು. ಸಾವಿರಾರು ಮದುವೆ ತೆಗೆದಿದ್ದೇನೆ, ಅವುಗಳಲ್ಲಿ ನೆನಪಿರುವುದು ಅಷ್ಟಕ್ಕಷ್ಟೇ. ಒಂದು ಬೆಕ್ಕು ಮಾತ್ರ ನನ್ನ ಕೆಲಸದ ಸೊಕ್ಕನ್ನು ಇಳಿಸಿತು. ಅದರ ಕಥೆಯನ್ನೇ ಬರೆಯುತ್ತೇನೆ.

ನಾನು ಕೆಲಸ ಕಲಿತದ್ದು ಬಸವನ ಬಾಗೇವಾಡಿಯಲ್ಲಿ, ಗುರುಸಿದ್ದಣ್ಣನವರ ಸ್ಟುಡಿಯೋದಲ್ಲಿ. ಗಂಡಸೊಬ್ಬ ಹತ್ತಿರ ಬಂದು ತಮ್ಮ ಮನೆಯ ಹೆಣ್ಣುಮಗಳ ಸೆರಗು ಸರಿಮಾಡುವುದು ಆಗ ಯಾರಿಗೂ ಸೇರುತ್ತಿರಲಿಲ್ಲ. ಅದಕ್ಕೊಬ್ಬ ಹೆಂಗಸು ಬೇಕೆಂದು ಮಾಲಕರು ನನ್ನನ್ನು ಇಟ್ಟುಕೊಂಡರು. ಸೆರಗು ಸರಿಮಾಡಲು ಹೋದವಳ ಕೈಗೆ ಆರೇ ತಿಂಗಳಲ್ಲಿ ಪೆನ್ಸಿಲ್ ಬಂತು. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆಗ ನೆಗೆಟಿವ್ ಮೇಲೆಯೇ ಸೂಜಿಯಷ್ಟು ಚೂಪಾದ ಪೆನ್ಸಿಲ್ಲಿನಿಂದ ಮುಖ ತಿದ್ದುತ್ತಿದ್ದೆವು. ಸಿಡುಬಿನ ಕುಳಿ, ಮೊಡವೆ, ಗಾಯದ ಗುರುತು, ಹುಟ್ಟುಮಚ್ಚೆ, ಎಲ್ಲವೂ ಮಾಯ. ನನ್ನ ಕೈ ಬಹಳ ಹದವಾಗಿತ್ತು. ಹದವಾಗಿತ್ತು ಅಂತ ನನಗೂ ಗೊತ್ತಿತ್ತು.

"ಕಸ್ತೂರಿ, ಕನ್ಯಾ ತೋರಸೂ ಫೋಟೋ ಅಂದ್ರ ಮಾರಿ ಮ್ಯಾಲ ಒಂದ ಕಲಿ ಇರಬಾರ್ದ ನೋಡು," ಅನ್ನುತ್ತಿದ್ದರು ಮಾಲಕರು. "ಕಲಿ ಕಂಡ್ರ ಮುಗೀತು, ಆ ಹುಡುಗಿ ಮನ್ಯಾಗ ಕುಂತಂಗ."

ಒಮ್ಮೆ ಸಿಂದಗಿಯ ಹುಡುಗಿಯೊಬ್ಬಳ ಫೋಟೋ ತಿದ್ದಿದೆ. ತುಟಿಯ ಮೇಲೆ ಕಡಲೆಕಾಳಿನಷ್ಟು ಮಚ್ಚೆಯಿತ್ತು, ತೆಗೆದುಹಾಕಿದೆ. ಫೋಟೋ ಮೆಚ್ಚಿ ಗಂಡಿನ ಕಡೆಯವರು ಬಂದರಂತೆ. ಹುಡುಗಿ ಚಹಾ ತಂದಿಟ್ಟಳಂತೆ. ಚಹಾ ಕುಡಿದು ಮುಗಿಸಿ ಗಂಡಿನ ತಾಯಿ, "ಇನ್ನ ಫೋಟೋದಾಗಿನ ಹುಡುಗೀನ ಕರೀರಿ," ಅಂದಳಂತೆ. ಆ ಹುಡುಗಿಯ ತಂದೆ ಬಂದು ನಮ್ಮ ಮುಂದೆ ಹೇಳಿಕೊಂಡ. ಮಾಲಕರು ಹೊಟ್ಟೆ ಹಿಡಿದು ನಕ್ಕು, ನೋಡು ನಮ್ಮ ಕಸ್ತೂರಿ ಕೈ ಅಂದರೆ ಹೆಂಗೈತಿ ಅಂತ ಬಂದವರಿಗೆಲ್ಲ ಅದನ್ನೇ ಸಾರಿದರು. ನಾನೂ ನಕ್ಕೆ. ಆ ಹುಡುಗಿ ಚಹಾದ ತಟ್ಟೆ ಹಿಡಿದುಕೊಂಡು ಹೇಗೆ ನಿಂತಿದ್ದಿರಬೇಕು ಅಂತ ಆಗ ನನಗೆ ಹೊಳೆಯಲೇ ಇಲ್ಲ.

ಬೆಕ್ಕಿಗೂ ನನಗೂ ಮೊದಲ ಜಟಾಪಟಿ ಆದದ್ದೂ ಅಲ್ಲೇ. ಇಂಡಿಯಿಂದ ಅಡತಿ ವ್ಯಾಪಾರಿಯೊಬ್ಬರು ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದರು. ಅಜ್ಜಿಯ ತೊಡೆಯ ಮೇಲೆ ಒಂದು ಕಪ್ಪು ಬೆಕ್ಕು. ಅದೂ ಫೋಟೋದಲ್ಲಿ ಬರಬೇಕು ಅಂತ ಅಜ್ಜಿಯ ಹಠ. ನಾನು ಫ್ಲ್ಯಾಶ್ ಹಿಡಿದು ನಿಂತೆ. ಢಪ್ ಅಂದದ್ದೇ ತಡ, ಬೆಕ್ಕು ಅಜ್ಜಿಯ ತಲೆ ಹತ್ತಿ, ಅಲ್ಲಿಂದ ಪರದೆಗೆ ಜಿಗಿದು, ಗುಡ್ಡ ನದಿ ಬರೆದಿದ್ದ ಆ ಪರದೆಯನ್ನು ಉದ್ದಕ್ಕೂ ಸೀಳಿಕೊಂಡು ಕೆಳಗಿಳಿಯಿತು. ಮಾಲಕರು ಬೈದದ್ದು ನನಗೆ. "ಬೆಕ್ಕಿನ ಕಣ್ಣಾಗ ಬೆಳಕ ಹೊಡೀತಾರೇನ ಹುಚ್ಚಿ?" ಅವರು ಹೇಳಿದ್ದು ಸರಿಯೇ ಇತ್ತು. ಬೆಕ್ಕಿಗೆ ಫ್ಲ್ಯಾಶ್ ಹೊಡೆಯಬೇಡಿ. ಹೆದರುತ್ತದೆ, ಮೇಲೆ ಕಣ್ಣು ಹಸಿರು ಗೋಲಿಯ ಹಾಗೆ ಬರುತ್ತದೆ.

ಮುಂದೆ ಮುದ್ದೇಬಿಹಾಳದಲ್ಲಿ ನನ್ನದೇ ಸ್ಟುಡಿಯೋ ಇಟ್ಟೆ. ಫಿಲ್ಮ್ ರೋಲು ಹೋಗಿ ಕಂಪ್ಯೂಟರ್ ಬಂತು. ಪೆನ್ಸಿಲ್ ಹಿಡಿದ ಕೈ ಮೌಸ್ ಹಿಡಿಯಿತು. ಒಂದು ತಾಸಿನ ಕೆಲಸ ಎರಡು ನಿಮಿಷಕ್ಕೆ ಇಳಿದಾಗ ಮನುಷ್ಯನಿಗೆ ಕೈ ತಡೆಯುವುದು ಕಷ್ಟ. ಗಿರಾಕಿ ಕೇಳಲಿ ಬಿಡಲಿ, ಮುಖ ಕಂಡರೆ ತಿದ್ದುವುದೇ ನನ್ನ ಚಟವಾಯಿತು.

ಆಗ ಬಂದವಳು ಶಾಂತವ್ವ. ನಮ್ಮ ಓಣಿಯ ತುದಿಯಲ್ಲಿ ಆಕೆಯ ಖಾನಾವಳಿ, ಅದರ ಎದುರಿಗೇ ಮನೆ. ಗಂಡ ತೀರಿಕೊಂಡಿದ್ದ. ಹನ್ನೊಂದು ವರ್ಷದ ಮಗಳು ಭಾಗ್ಯಾಳಿಗೆ ಹುಟ್ಟಿನಿಂದಲೇ ಕಿವಿ ಕೇಳದು, ಮಾತೂ ಬಾರದು. ಆ ದಿನ ಭಾಗ್ಯಾಳ ತೋಳಿನಲ್ಲಿ ಒಂದು ಬಿಳಿ ಬೆಕ್ಕಿತ್ತು, ಮೈಮೇಲೆ ಹಳದಿ ಮಚ್ಚೆಗಳು. ಹೆಸರು ಚಿಂಗಿ.

"ಅಕ್ಕಾರ, ಇದರದೊಂದ ಚೊಲೊ ಫೋಟೋ ತಗೀರಿ," ಅಂದಳು ಶಾಂತವ್ವ. "ಈಕಿ ಕೈ ಮಾಡಿ ಕೇಳಾಕತ್ತು ತಿಂಗಳಾತು."

"ಬೆಕ್ಕಿಂದ ಏನ್ ಫೋಟೋನಬೇ?" ಅಂದೆ ನಾನು.

"ಬೆಕ್ಕ ಅನಬ್ಯಾಡ್ರಿ. ಇದ ನನ್ನ ಮಗಳಿಗೆ ಕಿವಿ ಇದ್ದಂಗ. ಬಾಗಲಕ ಯಾರರ ಬಂದ್ರ ಇದ ಎದ್ದು, ಈಕಿ ಕಾಲಿಗೆ ತೆಲಿ ಒರಸಿ, ಬಾಗಲ ಕಡೆ ನಡೀತೈತಿ. ಈಕಿಗೆ ಗೊತ್ತಾಕ್ಕೈತಿ. ಅದಕ ನಾ ನಿಶ್ಚಿಂತಿಲೆ ರೊಟ್ಟಿ ಬಡೀತೇನಿ."

ಸ್ಟೂಲಿನ ಮೇಲೆ ಕೂರಿಸಿದೆ. ಇಳಿಯಿತು. ಕೂರಿಸಿದೆ, ಮತ್ತೆ ಇಳಿಯಿತು. ಚಪ್ಪಾಳೆ ತಟ್ಟಿದೆ, ಬೀಗದ ಕೈ ಅಲ್ಲಾಡಿಸಿದೆ, ಮಿಯಾಂವ್ ಅಂತ ಕೂಗಿಯೂ ನೋಡಿದೆ. ಭಾಗ್ಯಾ ನಕ್ಕದ್ದೇ ನಕ್ಕದ್ದು. ಕಡೆಗೆ ನನ್ನ ಹಿಂದಿನ ಗೋಡೆಯ ಹಲ್ಲಿ ಕಂಡು ಚಿಂಗಿ ಸ್ಟೂಲಿನ ಮೇಲೆಯೇ ಒಂದು ಗಳಿಗೆ ಮೈಯನ್ನು ಅಡ್ಡಲಾಗಿ ಇಟ್ಟು, ಮುಖ ಮಾತ್ರ ಈಚೆ ತಿರುಗಿಸಿ ಕತ್ತು ಎತ್ತಿತು. ಹೊಡೆದೆ. ತೆಗೆದ ನಲವತ್ತು ಫೋಟೋಗಳಲ್ಲಿ ಒಂದೇ ಒಂದು ಸರಿ ಬಂತು.

ಸಂಜೆ ಕಂಪ್ಯೂಟರ್ ಮುಂದೆ ಕೂತೆ. ಚಿಂಗಿಯ ಮೂಗಿನ ಮೇಲೆ ಕೂದಲಿಲ್ಲದ ಒಂದು ಕಲೆಯಿತ್ತು. ಮರಿ ಇದ್ದಾಗ ರೊಟ್ಟಿಯ ಹಂಚಿಗೆ ಮೂಗು ಇಟ್ಟು ಸುಟ್ಟುಕೊಂಡಿತ್ತಂತೆ. ನನ್ನ ಕೈ ತಾನೇ ಹೋಯಿತು. ಕಲೆ ತೆಗೆದು ಬಿಳಿ ಕೂದಲು ತುಂಬಿದೆ, ಕಣ್ಣಿಗೆ ಇಷ್ಟು ಹೊಳಪು ಕೊಟ್ಟೆ. ಕನ್ಯೆಗೆ ಮಾಡುವುದನ್ನೇ ಬೆಕ್ಕಿಗೂ ಮಾಡಿದೆ ನೋಡಿ! ಫೋಟೋ ಕೈಗಿಟ್ಟಾಗ ಭಾಗ್ಯಾ ಅದರ ಮೂಗಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಮತ್ತೆ ಬೆರಳಿಟ್ಟು ಮತ್ತೆ ನೋಡಿದಳು. ಮೆಚ್ಚಿಕೊಂಡಳು ಅಂತ ಉಬ್ಬಿದೆ.

ಒಂದು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಚಿಂಗಿ ಕಾಣೆಯಾಯಿತು. ಶಾಂತವ್ವ ಅಳುತ್ತ ಬಂದಳು. ಅದೇ ಫೋಟೋ ಹಾಕಿ, ಬಿಳಿ ಬೆಕ್ಕು, ಹಳದಿ ಮಚ್ಚೆ, ಕಂಡವರು ತಿಳಿಸಿ ಅಂತ ಬರೆದು ನಾನೇ ವಾಟ್ಸಾಪ್ ಗುಂಪುಗಳಿಗೆಲ್ಲ ಬಿಟ್ಟೆ. ವಾರ ಹೋಯಿತು, ಎರಡು ವಾರ ಹೋಯಿತು. ಅಷ್ಟರಲ್ಲಿ ಇನ್ನೊಂದು ನಡೆಯಿತು. ಮನೆಯಲ್ಲಿ ಭಾಗ್ಯಾ ಒಬ್ಬಳೇ ಇದ್ದಾಗ ಯಾರೋ ಅಪರಿಚಿತ ಕುಡಿದು ಒಳಗೆ ಬಂದು ಆಕೆಯ ಬೆನ್ನ ಹಿಂದೆ ನಿಂತಿದ್ದ. ತಿರುಗಿ ನೋಡಿದ ಮಗು ಕಿರುಚಿದ್ದು ಖಾನಾವಳಿಯವರೆಗೆ ಕೇಳಿಸಿತು. ಓಣಿಯವರು ಬಂದು ಅವನನ್ನು ಎಳೆದು ಹೊರಹಾಕಿದರು. ಅಂದಿನಿಂದ ಹುಡುಗಿ ಒಬ್ಬಳೇ ಮನೆಯಲ್ಲಿ ನಿಲ್ಲಲೊಲ್ಲಳು. ಒಲೆಯ ಹೊಗೆಯಲ್ಲಿ, ಗೋಡೆಗೆ ಬೆನ್ನು ಹಚ್ಚಿ, ದಿನವಿಡೀ ತಾಯಿಯ ಸೆರಗು ಹಿಡಿದು ಕೂರುವುದು.

"ನನಗ ಈ ಒಲಿ ಬಿಟ್ರ ಗತಿ ಇಲ್ಲರಿ ಅಕ್ಕಾರ," ಅಂದಳು ಶಾಂತವ್ವ. "ಈಕೀನ ಇಂಡಿಗೆ ನಮ್ಮಕ್ಕನ ಮನ್ಯಾಗ ಬಿಡ್ತೇನಿ. ಅಲ್ಲೇ ಸಾಲಿಗೆ ಹಾಕ್ತೇನಂತ ಅಕ್ಕ ಅಂದಾಳ. ಬರೂ ಸೋಮವಾರ ಹೋಗೂದು." ಮಗಳನ್ನು ಬಿಟ್ಟು ಒಂದು ದಿನ ಇದ್ದವಳಲ್ಲ ಆಕೆ.

ಆ ಬುಧವಾರವೇ ಸುದ್ದಿ ಬಂತು. ಖಾನಾವಳಿಗೆ ಜೋಳದ ಚೀಲ ತರುವ ಗಾಡಿಯವನು ಫೋನ್ ಮಾಡಿದ. ಅಂಥದೇ ಬೆಕ್ಕು ಗೊಳಸಂಗಿಯಲ್ಲಿ ಗಂಗವ್ವ ಅನ್ನುವ ರೈತ ಹೆಂಗಸಿನ ಮನೆಯಲ್ಲಿದೆ, ಬಹುಶಃ ತನ್ನ ಗಾಡಿಯ ಖಾಲಿ ಚೀಲದಲ್ಲೇ ಮಲಗಿ ಹೋಗಿದ್ದೀತು ಅಂದ. ಶಾಂತವ್ವ ಫೋಟೋ ಹಿಡಿದುಕೊಂಡು ಓಡಿದಳು. ಸಂಜೆ ಬರಿಗೈಯಲ್ಲಿ ಬಂದು ಸ್ಟುಡಿಯೋದ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಐತ್ರಿ, ನಮ್ಮ ಚಿಂಗೀನ ಐತಿ. ಆದ್ರ ಆ ಯಮ್ಮ ಕೊಡವಲ್ಲಳು. ನಿಮ್ಮ ಫೋಟೋದಾಗಿನ ಬೆಕ್ಕಿಗೆ ಮೂಗ ಸ್ವಚ್ಛ ಐತಿ, ಇದಕ ಕಲಿ ಐತಿ, ಇದ ಹೆಂಗ ನಿಮ್ಮದಾಕ್ಕೈತಿ ಅಂತಾಳ. ನಮ್ಮದಕ್ಕೂ ಕಲಿ ಐತಿ ಅಂದ್ರ, ಈಗ ನೋಡಿ ಹೇಳಾಕತ್ತೀ ಅಂತಾಳರಿ."

ಆಗ ಹೊಳೆಯಿತು. ಭಾಗ್ಯಾ ಫೋಟೋದ ಮೂಗಿನ ಮೇಲೆ ಎರಡೆರಡು ಸಲ ಬೆರಳಿಟ್ಟದ್ದು ಮೆಚ್ಚಿ ಅಲ್ಲ, ಕಲೆ ಎಲ್ಲಿ ಹೋಯಿತು ಅಂತ ಕೇಳಿದ್ದು. ಮಾತು ಬಾರದ ಮಗು ಅಷ್ಟು ಸ್ಪಷ್ಟವಾಗಿ ಕೇಳಿತ್ತು, ಕಣ್ಣಿದ್ದ ನನಗೆ ತಿಳಿಯಲಿಲ್ಲ. ನನಗೆ ಎಂಥ ನಾಚಿಕೆಯಾಯಿತೆಂದರೆ ಶಾಂತವ್ವನ ಮುಖ ನೋಡಲಾಗಲಿಲ್ಲ. "ಅದನ್ನ ಅಳಿಸಿದಾಕಿ ನಾನ ಶಾಂತವ್ವಾ," ಅಂತಷ್ಟೇ ಅಂದೆ.

ಮೂಲ ಫೋಟೋ ಹುಡುಕಿದೆ. ಪೆನ್ಸಿಲ್ಲಿನ ಕಾಲದಲ್ಲಿ ಏನೇ ತಿದ್ದಿದರೂ ನೆಗೆಟಿವ್ ಒರೆಸಿದರೆ ಕೆಳಗಿನ ಕಲೆ ಮತ್ತೆ ಕಾಣುತ್ತಿತ್ತು. ಕಂಪ್ಯೂಟರಿನಲ್ಲಿ ನಾನು ಮೂಲದ ಮೇಲೆಯೇ ತಿದ್ದಿ ಉಳಿಸಿದ್ದೆ, ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡಿದ್ದೆ. ಹೊಸಬರೇ, ಇದೊಂದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ: ಮೂಲವನ್ನು ಮುಟ್ಟಬೇಡಿ. ತಿದ್ದುವುದಿದ್ದರೆ ಪ್ರತಿಯ ಮೇಲೆ ತಿದ್ದಿ.

ಗುರುವಾರ ಎರಡು ಬಸ್ಸು ಬದಲಿಸಿ ನಾನೇ ಗೊಳಸಂಗಿಗೆ ಹೋದೆ. ಗಂಗವ್ವ ಐವತ್ತು ದಾಟಿದ, ನೇರ ಕಣ್ಣಿನ ಹೆಂಗಸು. ಕಲೆಯನ್ನು ಅಳಿಸಿದವಳು ನಾನು ಅಂದೆ. ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಇದ್ದದ್ದನ್ನ ಇಲ್ಲ ಅಂತ ತೋರಸೂದ ನಿಮ್ಮ ಉದ್ಯೋಗೇನ್ರಿ?" ಅಂದಳು. "ನೋಡ್ರಿ, ಚೊಲೊ ಇಲಿ ಹಿಡೂ ಬೆಕ್ಕ ಐತಿ ಅಂತ ಈಗಾಗ್ಲೆ ಇಬ್ಬರು ಬಂದು ನಮ್ಮದ ಅಂದು ಹೋಗ್ಯಾರ. ಬಾಯಿ ಮಾತಿಗೆ ನಾ ಕೊಡಾಕಿ ಅಲ್ಲ. ಖರೇ ನಿಮ್ಮದ ಇದ್ರ ಖಾತ್ರಿ ಮಾಡಿ ತೋರಸ್ರಿ, ಕೊಡ್ತೇನಿ."

ಆಕೆಯದು ನ್ಯಾಯದ ಮಾತು. ಭಾಗ್ಯಾಳನ್ನೇ ಕರೆತರೋಣವೇ ಅಂತ ನಾನು ಫೋನಿನಲ್ಲಿ ಶಾಂತವ್ವನನ್ನು ಕೇಳಿದೆ. "ಬ್ಯಾಡರಿ. ಅಲ್ಲಿ ತನಕಾ ಬಂದು, ಕೊಡಲಿಲ್ಲಂದ್ರ ಆಕಿ ಮಾರಿ ನಾ ಹೆಂಗ ನೋಡ್ಲಿ?" ಅಂದಳು. ಅದೂ ಸರಿಯೇ.

ಉಳಿದದ್ದು ಒಂದೇ ದಾರಿ. ಫೋಟೋದಲ್ಲಿ ನಾನು ಮುಖ ಮಾತ್ರ ತಿದ್ದಿದ್ದೆ, ಮೈ ಮುಟ್ಟಿರಲಿಲ್ಲ. ಬಲಮಗ್ಗುಲಿನ ಮೂರು ಹಳದಿ ಮಚ್ಚೆಗಳು ಇದ್ದ ಹಾಗೇ ಇದ್ದವು. ಒಂದು ಬೆಕ್ಕಿನ ಮಚ್ಚೆ ಇನ್ನೊಂದಕ್ಕೆ ಬರುವುದಿಲ್ಲ. ಆದರೆ ಗಂಗವ್ವ ಫೋಟೋವನ್ನು ಬೆಕ್ಕಿನ ಪಕ್ಕ ಹಿಡಿದರೆ ಬೆಕ್ಕು ಎದ್ದು ಹೋಗುತ್ತದೆ, ಮೈ ತಿರುಚಿದರೆ ಮಚ್ಚೆಯ ಆಕಾರವೇ ಬೇರೆ ಕಾಣುತ್ತದೆ. ಅದೇ ಮಗ್ಗುಲು, ಅದೇ ಕೋನ, ಅದೇ ಎತ್ತಿದ ಕತ್ತು. ಅಂಥ ಇನ್ನೊಂದು ಫೋಟೋ ನಾನು ತೆಗೆಯಬೇಕು. ತೆಗೆದೇ ತೀರುತ್ತೇನೆ ಅಂದುಕೊಂಡೆ.

ಚಿಂಗಿ ಇದ್ದದ್ದು ಜೋಳದ ಚೀಲಗಳ ಖೋಲಿಯಲ್ಲಿ. ನನ್ನನ್ನು ಕಂಡು ಸರ್ರನೆ ಅಟ್ಟ ಹತ್ತಿ ಕೂತಿತು. ಇಡೀ ದಿನ ಚಿಂಗಿ, ಚಿಂಗಿ ಅಂತ ಕರೆದೆ. ಕರೆದಷ್ಟೂ ಹಿಂದೆ ಸರಿಯಿತು. ಕತ್ತಲಾಗುವ ಮುಂಚೆ ಬಸ್ಸು ಹತ್ತಿದೆ.

ಶುಕ್ರವಾರ ಹಾಲು ಒಯ್ದೆ. ಬಂತು, ಗಟಗಟ ಕುಡಿಯಿತು. ಬಂದ ಫೋಟೋಗಳಲ್ಲೆಲ್ಲ ನೆತ್ತಿ ಮತ್ತು ಬಟ್ಟಲು. ತಿನ್ನಲು ಕೊಟ್ಟರೆ ಬೆಕ್ಕು ತಿನ್ನುತ್ತದೆ ಅಷ್ಟೇ, ನಿಮ್ಮನ್ನೇಕೆ ನೋಡೀತು? ಜೊತೆಗೆ ನಾನು ನಿಂತುಕೊಂಡು ಮೇಲಿನಿಂದ ಹೊಡೆದಿದ್ದೆ, ಬೆಕ್ಕು ಕುಳ್ಳಗೆ ಕಂಡಿತು. ಬೆಳ್ಳನೆಯ ಮೈ ಬೆಳಕಿಗೆ ಸುಣ್ಣದ ಗೋಡೆಯಾಗಿ, ಮಚ್ಚೆಗಳು ಕರಗಿಹೋಗಿದ್ದವು. ಮೂವತ್ತು ವರ್ಷ ಕೆಲಸ ಮಾಡಿದವಳು ಮೊದಲ ದಿನದ ತಪ್ಪುಗಳನ್ನೆಲ್ಲ ಒಂದೇ ದಿನ ಮಾಡಿದ್ದೆ. ಬಸ್ಸಿನಲ್ಲಿ ಅಳು ಬಂತು. ಅತ್ತು ಕಣ್ಣೊರೆಸಿಕೊಂಡು, ನಾಳೆ ಏನು ಮಾಡಬೇಕೆಂದು ಯೋಚಿಸಿದೆ.

ಶನಿವಾರ ಬೆಳಿಗ್ಗೆ ಬಿಸಿಲೇರುವ ಮುನ್ನ ಹೋದೆ. ಖೋಲಿಯ ಮಾಳಿಗೆಯ ಬೆಳಕಿಂಡಿಯಿಂದ ಮೆತ್ತನೆ ಬೆಳಕು ಇಳಿದಿತ್ತು. ಫೋಟೋ ಮತ್ತೊಮ್ಮೆ ನೋಡಿದೆ. ಸ್ಟುಡಿಯೋದ ಸ್ಟೂಲು ಎತ್ತರವಿತ್ತು, ಬೆಕ್ಕಿನ ಕಣ್ಣಿನ ಮಟ್ಟಕ್ಕೆ ನನ್ನ ಕ್ಯಾಮೆರಾ ಇತ್ತು. ಇಲ್ಲಿ ಬೆಕ್ಕು ನೆಲದಲ್ಲಿದೆ. ಅಂದರೆ ನಾನೂ ನೆಲಕ್ಕೆ ಬೀಳಬೇಕು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಧೂಳಿನಲ್ಲಿ ಹೊಟ್ಟೆ ಹಚ್ಚಿ ಮಲಗಿದೆ. ಮಚ್ಚೆ ಕರಗದ ಹಾಗೆ ಕ್ಯಾಮೆರಾದಲ್ಲಿ ಬೆಳಕನ್ನು ಕಡಿಮೆ ಮಾಡಿಟ್ಟೆ. ಕರೆಯಲಿಲ್ಲ. ನೋಡಲೂ ಇಲ್ಲ. ಬೆಕ್ಕನ್ನು ದಿಟ್ಟಿಸಿ ನೋಡಿದರೆ ಅದಕ್ಕೆ ಜಗಳ ತೆಗೆದ ಹಾಗೆ. ಕಣ್ಣು ಅರ್ಧ ಮುಚ್ಚಿ ಸುಮ್ಮನೆ ಬಿದ್ದುಕೊಂಡೆ.

ಗಂಗವ್ವ ಬಾಗಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದಳು. "ಒಂದ ಬೆಕ್ಕಿನ ಸಲುವಾಗಿ ಇಷ್ಟ ಹಠ ಯಾಕ್ರಿ ಅಕ್ಕಾರ? ಮೊಣಕಾಲ ನೋಯಂಗಿಲ್ಲೇನು?"

"ನೋಯಾಕತ್ತಾವ್ರಿ," ಅಂದೆ. ಮಲಗಿದಲ್ಲಿಂದಲೇ ಭಾಗ್ಯಾಳ ವಿಷಯ ಹೇಳಿದೆ. ಬೆಕ್ಕು ಬಾಗಿಲಿಗೆ ಹೋಗುವುದು, ಮನೆಗೆ ನುಗ್ಗಿದ ಕುಡುಕ, ಸೋಮವಾರ ಇಂಡಿಗೆ ಹೊರಡುವುದು, ಎಲ್ಲ. ಮೊರದ ಸಪ್ಪಳ ನಿಂತಿತು.

"ಪಾಪ ಅನಸ್ತೈತ್ರಿ," ಅಂದಳು. "ಆದ್ರ ಆ ಹುಡುಗೀದ ಬೆಕ್ಕ ಬ್ಯಾರೆ ಎಲ್ಲೋ ಇದ್ದು, ನಾ ಇದನ್ನ ಕೊಟ್ರ, ಇದ ಆಕಿ ಕಾಲಿಗೆ ತೆಲಿ ಒರಸ್ತೈತೇನು? ಖಾತ್ರಿ ಬೇಕಾಗಿದ್ದು ನನಗಷ್ಟ ಅಲ್ಲ ನೋಡ್ರಿ, ಆಕಿಗೂ ಬೇಕು."

ಎರಡು ತಾಸಿನ ಮೇಲೆ ಚಿಂಗಿ ಅಟ್ಟದಿಂದ ಇಳಿಯಿತು. ಬಂದು ನನ್ನ ಲೆನ್ಸ್ ಮೂಸಿತು, ಮೀಸೆ ತಾಗಿಸಿತು, ಹಿಂದೆ ಹೋಗಿ ಚೀಲಕ್ಕೆ ಒರಗಿ ಕೂತಿತು. ಎಡಮಗ್ಗುಲು ನನ್ನ ಕಡೆ! ಉಸಿರು ಬಿಗಿಹಿಡಿದು ಕಾದೆ. ಮೈ ನೆಕ್ಕಿಕೊಂಡು, ಎದ್ದು, ಒಂದು ಸುತ್ತು ತಿರುಗಿ ಮತ್ತೆ ಕೂತಾಗ ಬಲಮಗ್ಗುಲು ಬಂತು. ಆಗ ಎಡಗೈ ಉದ್ದ ಚಾಚಿ, ಮೇಲಿನ ಚೀಲವನ್ನು ಉಗುರಿನಿಂದ ಇಲಿ ಕೆರೆದ ಹಾಗೆ ಮೆಲ್ಲಗೆ ಎರಡು ಸಲ ಕೆರೆದೆ. ಕಿವಿ ನಿಮಿರಿತು, ಕತ್ತು ಎದ್ದಿತು, ಮುಖ ಈಚೆ ತಿರುಗಿತು. ಕಣ್ಣಿಗೆ ಗುರಿ ಇಟ್ಟು ಹೊಡೆದೆ. ಒಂದೇ ಹೊಡೆತ. ನನ್ನ ಜೀವನದ ಅತ್ಯುತ್ತಮ ಫೋಟೋ ಅದು, ಮೂಗಿನ ಮೇಲೆ ಸುಟ್ಟ ಕಲೆ ಇದ್ದ ಫೋಟೋ.

ಅಲ್ಲಿಂದಲೇ ಬಾಗೇವಾಡಿಗೆ ಹೋಗಿ, ಪರಿಚಯದ ಸ್ಟುಡಿಯೋದಲ್ಲಿ ಹಳೆಯದನ್ನೂ ಹೊಸದನ್ನೂ ಒಂದೇ ಅಳತೆಗೆ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಸಂಜೆಯ ಬಿಸಿಲಿರುವಾಗಲೇ ಮರಳಿದೆ. ಗಂಗವ್ವ ಎರಡನ್ನೂ ಅಂಗಳದಲ್ಲಿ ಹಾಸಿ, ಮಂಡಿಯೂರಿ ಕೂತು, ಒಂದೊಂದೇ ಮಚ್ಚೆಯ ಮೇಲೆ ಬೆರಳಾಡಿಸಿದಳು. ಭುಜದ ಹತ್ತಿರದ್ದು, ಹೊಟ್ಟೆಯದ್ದು, ತೊಡೆಯ ಮೇಲಿನ ಕೊನೆ ಮುರಿದದ್ದು. ಈ ಫೋಟೋದಿಂದ ಆ ಫೋಟೋಕ್ಕೆ, ಆ ಫೋಟೋದಿಂದ ಈ ಫೋಟೋಕ್ಕೆ.

"ಇದ ಅದ," ಅಂದಳು. "ನಂದೇನ ತಕರಾರಿಲ್ಲ. ಒಯ್ರಿ. ಇಲಿಗೆ ನಾ ಏನರ ಮಾಡ್ಕೋತೇನಿ." ತಾನೇ ಹೋಗಿ ಚಿಂಗಿಯನ್ನು ಎತ್ತಿಕೊಂಡು ಬಂದಳು, ಬುಟ್ಟಿಯಲ್ಲಿ ತನ್ನ ಹಳೆಯ ಇಳಕಲ್ ಸೀರೆಯ ತುಂಡು ಹಾಸಿ ಕೂರಿಸಿದಳು. ಬುಟ್ಟಿಯ ಬಾಯಿ ಕಟ್ಟುವಾಗ ಆಕೆಯ ಕಣ್ಣು ಒದ್ದೆಯಾಗಿತ್ತು. "ಮತ್ತ ಒಂದ ಮಾತ್ರಿ. ಇನ್ನ ಯಾರ ಮಾರಿನೂ ಕೇಳಲಾರದ ಅಳಸಬ್ಯಾಡ್ರಿ."

ಅಳಿಸಲಿಲ್ಲ. ಸ್ಟುಡಿಯೋ ಮುಚ್ಚುವವರೆಗೂ, ಕನ್ಯೆಯ ಫೋಟೋ ತೆಗೆದಾಗಲೆಲ್ಲ, ಕಲೆ ಅಳಿಸಲೇ ಅಂತ ಮೊದಲು ಆ ಹುಡುಗಿಯನ್ನೇ ಕೇಳಿದೆ. ಆಕೆಯ ತಂದೆಯನ್ನಲ್ಲ, ತಾಯಿಯನ್ನಲ್ಲ, ಆಕೆಯನ್ನು. ಇರಲಿ ಬಿಡ್ರಿ ಅಂದವರೇ ಹೆಚ್ಚು. ಗಿರಾಕಿ ಕೆಲವರು ಬಿಟ್ಟುಹೋದರು, ಹೋಗಲಿ.

ಭಾನುವಾರ ಬೆಳಿಗ್ಗೆ ಬುಟ್ಟಿ ಹಿಡಿದು ಶಾಂತವ್ವನ ಮನೆಗೆ ಹೋದೆ. ಪಡಸಾಲೆಯಲ್ಲಿ ಭಾಗ್ಯಾಳ ಬಟ್ಟೆ ತುಂಬಿದ ಚೀಲ ಕಟ್ಟಿಟ್ಟಿತ್ತು. ಹುಡುಗಿ ಅದರ ಪಕ್ಕ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಶಾಂತವ್ವ ಒಳಗಿಂದ ಬಂದಳು. ಬುಟ್ಟಿ ಬಿಚ್ಚಿದೆ. ಚಿಂಗಿ ಹೊರಗೆ ಬಂತು, ಮೈ ಮುರಿಯಿತು, ನಮ್ಮ ಯಾರ ಕಡೆಗೂ ನೋಡದೆ ಮನೆಯನ್ನೆಲ್ಲ ಮೂಸಿ ಬಂದು, ಬಾಗಿಲ ಹತ್ತಿರದ ಬಿಸಿಲಲ್ಲಿ ಮಲಗಿತು. ಭಾಗ್ಯಾ ಅಳಲಿಲ್ಲ, ಅದನ್ನು ಎತ್ತಿಕೊಳ್ಳಲೂ ಇಲ್ಲ. ಎದ್ದು ಚೀಲದ ಗಂಟು ಬಿಚ್ಚಿದಳು. ಲಂಗ, ಶಾಲೆಯ ಅಂಗಿ, ಟವೆಲ್ಲು, ಒಂದೊಂದನ್ನೇ ತೆಗೆದು, ಮಡಿಕೆ ಸರಿಮಾಡಿ, ಮತ್ತೆ ಟ್ರಂಕಿನೊಳಗೆ ಇಡತೊಡಗಿದಳು. ಚೀಲ ಖಾಲಿಯಾದ ಮೇಲೆ ಅದನ್ನು ಝಾಡಿಸಿ, ಸುತ್ತಿ, ತಾಯಿಯ ಕೈಗೆ ಕೊಟ್ಟಳು. ಆಮೇಲೆ ಎರಡೂ ಕೈಯಿಂದ ತಾಯಿಯನ್ನು ಖಾನಾವಳಿಯ ಕಡೆಗೆ, ಹೋಗು ಅಂತ ದೂಡಿದಳು.